ಬೆಂಕಿ ಬೇಕೆನ್ನುವ ಪೈನ್

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಸ್ಯಾಂಡ್‌ಹಿಲ್ಸ್ ಕಡೆ ಹೋದರೆ ಮರಳು ನೆಲದಲ್ಲಿ ಅಲ್ಲಲ್ಲಿ ಹುಲ್ಲಿನ ಗುಪ್ಪೆಗಳು ಕಾಣುತ್ತವೆ. ಅವುಗಳಲ್ಲಿ ಎಷ್ಟೋ ಹುಲ್ಲೇ ಅಲ್ಲ, ಲಾಂಗ್‌ಲೀಫ್ ಪೈನ್ ಸಸಿಗಳು. ಮೊದಲ ಕೆಲವು ವರ್ಷ ಮೇಲೆ ಏಳುವುದೇ ಇಲ್ಲ, ಸುಮ್ನೆ ಬೇರು ಇಳಿಸುತ್ತಾ ಕೂತಿರುತ್ತವೆ. ಬೆಂಕಿ ಹಾದುಹೋದರೆ ಹೊರಗಿನ ಉದ್ದ ಸೂಜಿ ಎಲೆಗಳು ಸುಡುತ್ತವೆ, ನಡುವಿನ ಮೊಗ್ಗು ಉಳಿದುಕೊಳ್ಳುತ್ತದೆ.

ಒಂದು ಕಾಲಕ್ಕೆ ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆ ಈ ಕಾಡಿತ್ತಂತೆ. ದಿಮ್ಮಿಗೆ, ಮರದಿಂದ ತೆಗೆಯುವ ಟಾರಿಗೆ ಅಂತ ಮುಗಿಸಿದರು, ಜೊತೆಗೆ ಬೆಂಕಿಯನ್ನೂ ತಡೆದರು. ಕೊನೆಗೆ ಉಳಿದಿದ್ದು ಸುಮಾರು 30 ಲಕ್ಷ ಎಕರೆ.

ಈಗ ಜಮೀನ್ದಾರರೇ ಸಂಘ ಕಟ್ಟಿಕೊಂಡು ಬೆಳೆಸುತ್ತಿದ್ದಾರೆ. ಒಬ್ಬರ ಜಮೀನಿಗೆ ಬೇಕಂತಲೇ ಬೆಂಕಿ ಇಡುವ ದಿನ ಅಕ್ಕಪಕ್ಕದವರು ನೀರಿನ ಟ್ಯಾಂಕ್ ಹಿಡಿದು ಬರುತ್ತಾರೆ. ಗಾಳಿ ನೋಡಿ, ಅಂಚಿನಲ್ಲಿ ನೆಲ ಕೆರೆದು, ಆಮೇಲೆ ಬೆಂಕಿ. ಎರಡು-ಮೂರು ವರ್ಷಕ್ಕೊಮ್ಮೆ ಹೀಗೆ ಸುಡದಿದ್ದರೆ ಬೇರೆ ಗಿಡಗಳು ನುಗ್ಗಿ ಸಸಿಗಳನ್ನು ಮುಚ್ಚಿಬಿಡುತ್ತವೆ. ಬೇಸಿಗೆಯಲ್ಲಿ ಬಂಡೀಪುರದ ಹೊಗೆ ಕಂಡರೆ ಗಾಬರಿ ಬೀಳುವ ನಮಗೆ ಇದು ವಿಚಿತ್ರವೇ, ಅಲ್ವಾ?

ಬೇಗ ಬೆಳೆಯುವ ಇನ್ನೊಂದು ಜಾತಿ, ಲಾಬ್ಲಾಲಿ ಪೈನ್ ಹಾಕಿದ್ದರೆ ದುಡ್ಡು ಬೇಗ ಕೈಗೆ ಬರುತ್ತಿತ್ತು. ಆದರೂ ವಯಸ್ಸಾದವರು ಇದನ್ನೇ ನೆಡುತ್ತಾರೆ. ಮೊಮ್ಮಕ್ಕಳಿಗಂತೆ. ಮೊಮ್ಮಕ್ಕಳು ಮಾರುತ್ತಾರೋ ಏನೋ, ಅದು ಅವರ ತಲೆನೋವು.