ಹೋಟೆಲ್ ಶೀಟಿನಲ್ಲಿ ಎರಡು ಜೈಲು ಕಂಪನಿ

ಮಂಗಳೂರಿನಲ್ಲಿ ಕೂತು ಅಮೆರಿಕದ ಕಂಪನಿಗಳ ಲೆಕ್ಕ ಓದುವುದು ನನ್ನ ಕೆಲಸ. ಅಲ್ಲಿನ ಲಿಸ್ಟೆಡ್ ಕಂಪನಿಗಳು ಮೂರು ತಿಂಗಳಿಗೊಮ್ಮೆ ಹಾಕುವ ಫೈಲಿಂಗಿನಿಂದ ಅಂಕಿ ಎತ್ತಬೇಕು, ಎಕ್ಸೆಲ್ ಮಾಡೆಲಿಗೆ ತುಂಬಬೇಕು, ಎರಡು ಸಾಲಿನ ಟಿಪ್ಪಣಿ ಬರೆದು ಕ್ಲಯಂಟಿಗೆ ಕಳಿಸಬೇಕು. ಮನೆಯಲ್ಲಿ "ಶೇರು ಮಾರ್ಕೆಟ್ ಕೆಲಸ" ಅಂತಾರೆ. ಶೇರು ನಾವು ಮುಟ್ಟುವುದೇ ಇಲ್ಲ, ಅದು ಬೇರೆ ಮಾತು.

2016ರಲ್ಲಿ ನಾನು ರೀಟ್ ಟೀಮಿನಲ್ಲಿದ್ದೆ. ರೀಟ್ ಅಂದರೆ ಕಟ್ಟಡ, ಜಾಗ ಇಟ್ಟುಕೊಂಡು ಅದರ ಆದಾಯದಲ್ಲಿ ನಡೆಯುವ ಕಂಪನಿ. ಲಾಭದ ಬಹುಪಾಲನ್ನು ಶೇರುದಾರರಿಗೆ ಹಂಚಿಬಿಡಬೇಕು, ಅದಕ್ಕೆ ಪ್ರತಿಯಾಗಿ ತೆರಿಗೆಯಲ್ಲಿ ದೊಡ್ಡ ವಿನಾಯಿತಿ. ಹೋಟೆಲ್, ಗೋದಾಮು, ಮಾಲ್, ಆಸ್ಪತ್ರೆ ಕಟ್ಟಡ, ಎಲ್ಲ ನಮ್ಮ ಪಟ್ಟಿಯಲ್ಲಿದ್ದವು. ಅವುಗಳ ನಡುವೆ ಎರಡು ಜೈಲು ಕಂಪನಿಗಳೂ ಇದ್ದವು. ಒಂದು, 1983ರಲ್ಲಿ ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ ಕರೆಕ್ಷನ್ಸ್ ಕಾರ್ಪೊರೇಷನ್ ಆಫ್ ಅಮೆರಿಕ. 2016ರಲ್ಲಿ ಅದು ಕೋರ್‌ಸಿವಿಕ್ ಅಂತ ಹೆಸರು ಬದಲಿಸಿಕೊಂಡಿತು. ಇನ್ನೊಂದು ಫ್ಲೋರಿಡಾದ ಜಿಯೋ ಗ್ರೂಪ್. 2013ರಿಂದ ಎರಡೂ ರೀಟ್.

ಜೈಲಿಗೆ ಅಂತ ಪ್ರತ್ಯೇಕ ಟೆಂಪ್ಲೇಟ್ ನಮ್ಮಲ್ಲಿ ಇರಲಿಲ್ಲ. ಯಾರೋ ಹಿಂದಿನವರು ಹೋಟೆಲಿನ ಶೀಟನ್ನೇ ಕಾಪಿ ಹೊಡೆದಿದ್ದರು. ರೂಮುಗಳ ಜಾಗದಲ್ಲಿ ಹಾಸಿಗೆ, ರೂಮ್ ಬಾಡಿಗೆಯ ಜಾಗದಲ್ಲಿ ಕೈದಿಯೊಬ್ಬನಿಗೆ ಸರ್ಕಾರ ಕೊಡುವ ದಿನದ ದರ. ಆಕ್ಯುಪೆನ್ಸಿ (ಎಷ್ಟು ಭರ್ತಿ ಎಂಬ ಲೆಕ್ಕ) ಮಾತ್ರ ಎರಡರಲ್ಲೂ ಆಕ್ಯುಪೆನ್ಸಿಯೇ. ಜೊತೆಗೆ ಬಣ್ಣವೂ ಹಾಗೇ ಬಂದಿತ್ತು. ಭರ್ತಿ ಶೇಕಡಾ 80ರ ಕೆಳಗಿಳಿದರೆ ಶೀಟಿನ ಚೌಕ ಕೆಂಪು, 90 ದಾಟಿದರೆ ಹಸಿರು.

ಕುಂದಾಪುರದ ಕಡೆಯ ಒಬ್ಬಳು ಹುಡುಗಿ ಟ್ರೈನಿಯಾಗಿ ಬಂದಿದ್ದಳು. ಬಿಕಾಂ ಮುಗಿಸಿದ ಕೂಡಲೇ ಸೇರಿದವಳು. ಶೀಟು ನೋಡಿ ಕೇಳಿದಳು, "ಸರ್, ಜೈಲು ಖಾಲಿ ಆದ್ರೆ ಎಂತಕ್ಕೆ ಕೆಂಪು ಬತ್ತ್?"

ಟೀಮ್ ಲೀಡ್ ತಲೆ ಎತ್ತದೆ ಹೇಳಿದರು, "ಇನ್ವೆಸ್ಟರಿಗೆ ಕೆಂಪು ಮಾರಾಯ್ತಿ. ನಿನಗೂ ನನಗೂ ಅಲ್ಲ."

ಉತ್ತರ ಸರಿಯಾಗಿಯೇ ಇತ್ತು. ಆದರೆ ಹೂಡಿಕೆದಾರನಿಗೆ ಹಸಿರಾಗಿ ಕಾಣಬೇಕಾದರೆ ಒಳಗೆ ಏನೇನು ನಡೆಯಬೇಕು ಅಂತ ನಾನು ಫೈಲಿಂಗನ್ನು ಪೂರ್ತಿ ಓದಲು ಶುರುಮಾಡಿದ್ದು ಆಮೇಲೆ. ನಮ್ಮ ಕೆಲಸಕ್ಕೆ ಬೇಕಾಗುವುದು ಕೋಷ್ಟಕದ ಪುಟಗಳು ಮಾತ್ರ. ಮುಂದಿನ ನೂರಾರು ಪುಟ ಯಾರೂ ತೆರೆಯುವುದಿಲ್ಲ.

ಆ ಪುಟಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ರಿಸ್ಕ್ ಫ್ಯಾಕ್ಟರ್ಸ್ ಅಧ್ಯಾಯ. ವ್ಯವಹಾರಕ್ಕೆ ಯಾವುದರಿಂದ ಅಪಾಯ ಅಂತ ಕಂಪನಿ ಕಾನೂನು ಪ್ರಕಾರ ಬಾಯಿಬಿಟ್ಟು ಹೇಳಲೇಬೇಕಾದ ಜಾಗ ಅದು. ಹೋಟೆಲಿನವರು ಆರ್ಥಿಕ ಹಿಂಜರಿತ, ಚಂಡಮಾರುತ ಅಂತ ಬರೆಯುತ್ತಾರೆ. ಜೈಲಿನವರು ಬರೆದದ್ದು: ಶಿಕ್ಷೆಯ ಪ್ರಮಾಣ ಕಡಿಮೆಯಾಗುವುದು, ಪೆರೋಲ್ ಸಡಿಲವಾಗುವುದು, ಮಾದಕವಸ್ತು ಕಾನೂನು ಬದಲಾಗುವುದು, ವಲಸಿಗರ ಮೇಲಿನ ಬಿಗಿ ತಗ್ಗುವುದು. ಊರಿಗೆ ಒಳ್ಳೆಯದಾಗುವ ಸುದ್ದಿಯೆಲ್ಲ ಅಪಾಯದ ಪಟ್ಟಿಯಲ್ಲಿ ಸಾಲಾಗಿ ಕೂತಿತ್ತು. ಇದನ್ನು ಹೊರಗಿನ ಹೋರಾಟಗಾರರು ಆರೋಪಿಸಿದ್ದಲ್ಲ, ಕಂಪನಿಯೇ ಶೇರುದಾರನಿಗೆ ಎಚ್ಚರಿಸಿದ್ದು.

ಆ ಅಪಾಯಕ್ಕೆ ಕಟ್ಟಿದ ಅಣೆಕಟ್ಟು ಭರ್ತಿಯ ಖಾತ್ರಿ. 2012ರಲ್ಲಿ ನ್ಯಾಶ್‌ವಿಲ್ ಕಂಪನಿ 48 ರಾಜ್ಯಗಳಿಗೆ ಪತ್ರ ಬರೆಯಿತು: ನಿಮ್ಮ ಜೈಲನ್ನು ನಾವು ಕೊಳ್ಳುತ್ತೇವೆ, ನಡೆಸುವ ಕರಾರು 20 ವರ್ಷದ್ದು ಇರಲಿ, ಶೇಕಡಾ 90 ಭರ್ತಿಯ ಖಾತ್ರಿ ಕೊಡಿ. ಅರಿಜೋನಾದ ಕೆಲವು ಕರಾರುಗಳಲ್ಲಿ ಖಾತ್ರಿ ಶೇಕಡಾ 100 ಇತ್ತು. ಅಪರಾಧ ಕಡಿಮೆಯಾಗಿ ಹಾಸಿಗೆ ಖಾಲಿ ಉಳಿದರೂ ಸರ್ಕಾರ ದುಡ್ಡು ಕಟ್ಟಬೇಕು. ಒಮ್ಮೆ ಹಾಗೆ ಸಹಿ ಹಾಕಿದ ರಾಜ್ಯಕ್ಕೆ, ಜನರನ್ನು ಬೇಗ ಬಿಟ್ಟರೂ ಬೊಕ್ಕಸಕ್ಕೆ ಉಳಿತಾಯ ಇಲ್ಲ.

ಇನ್ನು ಖರ್ಚಿನ ಕಡೆಗೆ ಬರೋಣ. ಎಲ್ಲ ಇರುವುದು ಅಲ್ಲೇ.

ಒಬ್ಬ ಕೈದಿಗೆ ಒಂದು ದಿನಕ್ಕೆ ಇಷ್ಟು ಆದಾಯ, ಇಷ್ಟು ಖರ್ಚು, ಉಳಿದದ್ದು ಲಾಭ. ಮಾಡೆಲಿನ ಹೃದಯ ಈ ಮೂರು ಸಾಲು. ಆದಾಯ ಕರಾರಿನಲ್ಲಿ ಗಟ್ಟಿಯಾಗಿರುತ್ತದೆ, ವರ್ಷಕ್ಕೆ ಸ್ವಲ್ಪ ಏರಬಹುದು ಅಷ್ಟೇ. ಹಾಗಾದರೆ ಲಾಭ ಹೆಚ್ಚಿಸುವ ದಾರಿ ಖರ್ಚಿನ ಸಾಲಿನಲ್ಲೇ ಸಿಗಬೇಕು. ಆ ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಬ್ಬಂದಿಯ ಸಂಬಳ. ಊಟದಲ್ಲಿ, ಔಷಧಿಯಲ್ಲಿ ಉಳಿಸುವುದು ಚಿಲ್ಲರೆ. ದೊಡ್ಡ ದುಡ್ಡು ಉಳಿಯುವುದು ಕಾವಲುಗಾರರನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಂಡರೆ. ಕೆಲಸ ಬಿಟ್ಟವರ ಜಾಗವನ್ನು ತಡವಾಗಿ ತುಂಬಿದರೆ ಇನ್ನೂ ಹೆಚ್ಚು ಉಳಿಯುತ್ತದೆ.

ಇಡಾಹೋ ರಾಜ್ಯದಲ್ಲಿ ಆದದ್ದು ಇದೇ. ನ್ಯಾಶ್‌ವಿಲ್ ಕಂಪನಿ ನಡೆಸುತ್ತಿದ್ದ ಅಲ್ಲಿನ ದೊಡ್ಡ ಜೈಲಿಗೆ ಒಳಗಿನವರು ಇಟ್ಟ ಹೆಸರು "ಗ್ಲಾಡಿಯೇಟರ್ ಸ್ಕೂಲ್". ಹೊಡೆದಾಟ ಅಷ್ಟರಮಟ್ಟಿಗಿತ್ತು. ಕೈದಿಗಳ ಪರವಾಗಿ 2010ರಲ್ಲಿ ಕೇಸು ಬಿತ್ತು, ಕಾವಲು ಹೆಚ್ಚಿಸುತ್ತೇವೆ ಅಂತ ಕಂಪನಿ ಒಪ್ಪಿತು. 2013ರಲ್ಲಿ ಅದೇ ಕಂಪನಿ ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಯಿತು. 2012ರಲ್ಲಿ ಸುಮಾರು 4,800 ಗಂಟೆಗಳ ಹಾಜರಿ ಸುಳ್ಳು. ಆ ಗಂಟೆಗಳಲ್ಲಿ ಕಾವಲು ಜಾಗ ಖಾಲಿ ಇತ್ತು, ಪುಸ್ತಕದಲ್ಲಿ ಮಾತ್ರ ಆಳು ನಿಂತಿದ್ದ. ರಾಜ್ಯಕ್ಕೆ 10 ಲಕ್ಷ ಡಾಲರ್ ಕೊಟ್ಟು ಅದು ರಾಜಿಯಾಯಿತು. 2014ರಲ್ಲಿ ಸರ್ಕಾರವೇ ಜೈಲನ್ನು ವಾಪಸು ವಹಿಸಿಕೊಂಡಿತು.

ಆ 4,800 ಗಂಟೆಯನ್ನು ನಾನು ನಮ್ಮ ಶೀಟಿನಲ್ಲಿ ಹುಡುಕಿ ನೋಡಿದೆ. ಸಿಗಲಿಲ್ಲ, ಸಿಗುವುದೂ ಇಲ್ಲ. ದಿನದ ಖರ್ಚು ಕೆಲವು ಸೆಂಟು ಇಳಿದರೆ ನಾವು "ವೆಚ್ಚ ನಿಯಂತ್ರಣ ಉತ್ತಮ" ಅಂತ ಟಿಪ್ಪಣಿ ಬರೆಯುತ್ತೇವೆ. ರಾತ್ರಿ ಪಾಳಿಯಲ್ಲಿ ಕಾವಲಿಲ್ಲದ ಬ್ಲಾಕಿನಲ್ಲಿ ಪೆಟ್ಟು ತಿಂದವನ ಆಸ್ಪತ್ರೆ, ಅವನು ಹೊರಗೆ ಬಂದ ಮೇಲಿನ ಬದುಕು, ಒಬ್ಬನೇ ನೂರಾರು ಜನರನ್ನು ನೋಡಿಕೊಳ್ಳಬೇಕಾದ ವಾರ್ಡರನ ನಿದ್ದೆ, ಯಾವುದಕ್ಕೂ ಕಾಲಂ ಇಲ್ಲ. ಮಿಸಿಸಿಪ್ಪಿಯಲ್ಲಿ ಜಿಯೋ ನಡೆಸುತ್ತಿದ್ದ ವಾಲ್ನಟ್ ಗ್ರೋವ್ ಎಂಬ ಹುಡುಗರ ಜೈಲನ್ನು 2012ರಲ್ಲಿ ಫೆಡರಲ್ (ಅಂದರೆ ಕೇಂದ್ರದ) ನ್ಯಾಯಾಧೀಶ ಕಾರ್ಲ್‌ಟನ್ ರೀವ್ಸ್ ಅಮಾನವೀಯತೆಯ ಕೊಳಚೆಗುಂಡಿ ಎಂಬರ್ಥದಲ್ಲಿ ಬಣ್ಣಿಸಿದರು. ಅದನ್ನು ನಾನು ಓದಿದ್ದು ಕೋರ್ಟ್ ಆದೇಶದಲ್ಲಿ. ಇಂಥದ್ದು ತ್ರೈಮಾಸಿಕ ಕೋಷ್ಟಕದಲ್ಲಿ ಕಾಣಿಸುವುದಿಲ್ಲ.

ಕೂಲಿಯ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ವಲಸಿಗರನ್ನು ಕೂಡಿಹಾಕುವ ಕೇಂದ್ರಗಳಲ್ಲಿ ಅಡುಗೆ, ಗುಡಿಸುವುದು, ಬಟ್ಟೆ ಒಗೆಯುವುದನ್ನು ಒಳಗಿದ್ದವರೇ ಮಾಡುತ್ತಾರೆ, ದಿನಕ್ಕೆ 1 ಡಾಲರಿಗೆ. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಜಿಯೋ ನಡೆಸುವ ಕೇಂದ್ರದ ವಿಷಯ ಕೋರ್ಟಿಗೆ ಹೋಗಿ, 2021ರಲ್ಲಿ ಜ್ಯೂರಿ ಕನಿಷ್ಠ ಕೂಲಿ ಕೊಡಬೇಕಿತ್ತು ಅಂತ ತೀರ್ಮಾನಿಸಿತು. ಒಟ್ಟು 2.3 ಕೋಟಿ ಡಾಲರಿನ ಮೇಲೆ ಬಿತ್ತು.

ಫೋನಿನದ್ದೂ ಉಂಟು. ಕೆಲವು ದೊಡ್ಡ ಸ್ಥಳೀಯ ಜೈಲುಗಳಲ್ಲಿ 15 ನಿಮಿಷ ಮಾತಾಡಿದರೆ ಮನೆಯವರಿಗೆ 11.35 ಡಾಲರ್ ವರೆಗೆ ಬೀಳುತ್ತಿತ್ತು. ಅದನ್ನು 90 ಸೆಂಟಿಗೆ ಇಳಿಸಬೇಕು ಅಂತ 2024ರಲ್ಲಿ ಆದೇಶ ಬಂತು, 2025ರಲ್ಲಿ ಅದರ ಜಾರಿ ಮುಂದೆ ಹೋಯಿತು. (ನಮ್ಮ ಕೊಡಿಯಾಲಬೈಲಿನಲ್ಲಿ ಜೈಲಿನ ಜಾಮರಿನಿಂದ ಸುತ್ತಲಿನ ಅಂಗಡಿ-ಮನೆಯವರ ನೆಟ್‌ವರ್ಕ್ ಹೋಗಿ ಗಲಾಟೆಯಾದದ್ದೂ ಅದೇ ವರ್ಷ. ಅದು ಬೇರೆಯೇ ಜಾತಿಯ ತಲೆನೋವು.)

2016ರ ಆಗಸ್ಟ್ 18ರ ರಾತ್ರಿ ಪಾಳಿ ನಮ್ಮ ಟೀಮಿನ ಯಾರೂ ಮರೆತಿರಲಿಕ್ಕಿಲ್ಲ. ಅಮೆರಿಕದ ನ್ಯಾಯ ಇಲಾಖೆಯ ಸ್ಯಾಲಿ ಯೇಟ್ಸ್ ಅವರ ಮೆಮೊ ಹೊರಬಿತ್ತು: ಫೆಡರಲ್ ಕೈದಿಗಳಿಗೆ ಖಾಸಗಿ ಜೈಲನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ. ಅದಕ್ಕೆ ಸ್ವಲ್ಪ ಮೊದಲು ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ (ಇಲಾಖೆಯನ್ನೇ ಒಳಗಿಂದ ತಪಾಸಣೆ ಮಾಡುವ ಅಧಿಕಾರಿ) ವರದಿ ಬಂದಿತ್ತು. ಸುರಕ್ಷತೆಯ ಹೆಚ್ಚಿನ ಅಳತೆಗಳಲ್ಲಿ ಖಾಸಗಿ ಜೈಲುಗಳೇ ಹಿಂದೆ. ಒಂದೇ ದಿನ ಎರಡೂ ಶೇರು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿತ್ತು. ಶೀಟು ಪೂರ್ತಿ ಕೆಂಪು.

ನವೆಂಬರ್ 9ರಂದು ಉಲ್ಟಾ. ಹಿಂದಿನ ರಾತ್ರಿ ಇಲ್ಲಿ ನೋಟು ರದ್ದಾಗಿತ್ತು, ಕ್ಯಾಂಟೀನಿನಲ್ಲಿ ಐನೂರರ ನೋಟನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಲ್ಲಿ ಟ್ರಂಪ್ ಗೆದ್ದಿದ್ದರು. ಕೋರ್‌ಸಿವಿಕ್ ಆ ದಿನ ಶೇಕಡಾ 43 ಏರಿತು. ಒಬ್ಬ ಕೈದಿಯೂ ಹೆಚ್ಚಾಗಿರಲಿಲ್ಲ, ಹೆಚ್ಚಾಗಬಹುದು ಎಂಬ ನಂಬಿಕೆಯಷ್ಟೇ. 2017ರ ಫೆಬ್ರುವರಿಯಲ್ಲಿ ಯೇಟ್ಸ್ ಮೆಮೊ ರದ್ದಾಯಿತು. 2021ರಲ್ಲಿ ಬೈಡನ್ ಮತ್ತೆ ತಂದರು, 2025ರಲ್ಲಿ ಟ್ರಂಪ್ ಮತ್ತೆ ತೆಗೆದರು.

ದಿನದ ಲೆಕ್ಕದಲ್ಲಿ ದುಡ್ಡು ಬರುವ ಕಡೆ ದಿನಗಳು ಹಿಗ್ಗುತ್ತವೆಯೇ ಅಂತ ಯಾರಿಗಾದರೂ ಸಂಶಯ ಬಂದೇ ಬರುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅನಿತಾ ಮುಖರ್ಜಿ ಮಿಸಿಸಿಪ್ಪಿಯ ದಾಖಲೆ ಹಿಡಿದು ಇದನ್ನೇ ಅಳೆದರು. ಖಾಸಗಿ ಜೈಲಿಗೆ ಹೋದವರು ಸುಮಾರು ಎರಡರಿಂದ ಮೂರು ತಿಂಗಳು ಹೆಚ್ಚು ಒಳಗಿದ್ದರು. ಅಶಿಸ್ತಿನ ದಾಖಲೆಯೂ ಅವರ ಮೇಲೆ ಹೆಚ್ಚು. ಒಳ್ಳೆಯ ನಡತೆಗೆ ಸಿಗುವ ರಿಯಾಯಿತಿ ಅಂಥ ದಾಖಲೆಯಿಂದ ಹೋಗುತ್ತದೆ, ದಾಖಲೆ ಬರೆಯುವವರು ಕಂಪನಿಯ ನೌಕರರು. ದಿನಕ್ಕೆ 50 ಡಾಲರ್ ಅಂತ ಇಟ್ಟುಕೊಳ್ಳಿ, 60 ದಿನಕ್ಕೆ 3,000 ಆಯಿತು. ಯಾರೂ ಸಂಚು ಮಾಡಬೇಕಾಗಿಲ್ಲ. ಬಿಡುಗಡೆ ತಡವಾದರೆ ನಷ್ಟವಾಗುವವನು ಆ ಕೋಣೆಯಲ್ಲಿ ಕೈದಿಯೊಬ್ಬನೇ.

ಸಂಚು ಮಾಡಿದವರೂ ಇದ್ದರು, ಪೆನ್ಸಿಲ್ವೇನಿಯಾದ ಲುಜರ್ನ್ ಕೌಂಟಿಯಲ್ಲಿ. ಮಾರ್ಕ್ ಸಿಯಾವರೆಲ್ಲಾ ಮತ್ತು ಮೈಕೆಲ್ ಕೊನಾಹನ್ ಎಂಬ ಇಬ್ಬರು ನ್ಯಾಯಾಧೀಶರು ಖಾಸಗಿ ಬಾಲಬಂಧನ ಗೃಹದ ಹಿಂದಿದ್ದವರಿಂದ 20 ಲಕ್ಷ ಡಾಲರಿಗೂ ಮೀರಿ ಪಡೆದಿದ್ದರು. ಶಾಲೆಯ ಅಧಿಕಾರಿಯನ್ನು ಗೇಲಿ ಮಾಡಿ ಇಂಟರ್ನೆಟ್ಟಿನಲ್ಲಿ ಪುಟ ಮಾಡಿದ್ದಕ್ಕೂ ಮಕ್ಕಳನ್ನು ಒಳಗೆ ಕಳಿಸಲಾಗುತ್ತಿತ್ತು, ಎಷ್ಟೋ ಮಕ್ಕಳಿಗೆ ವಕೀಲರೇ ಇರುತ್ತಿರಲಿಲ್ಲ. ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟು ಸುಮಾರು 4,000 ಪ್ರಕರಣಗಳನ್ನು ಅಳಿಸಿಹಾಕಿತು. ಒಬ್ಬನಿಗೆ 28 ವರ್ಷ, ಇನ್ನೊಬ್ಬನಿಗೆ ಹದಿನೇಳೂವರೆ ವರ್ಷ ಶಿಕ್ಷೆಯಾಯಿತು. ಅಳಿಸಿದ್ದು ದಾಖಲೆಯನ್ನು. ಆ ಮಕ್ಕಳ ಹೋದ ಶಾಲೆಯ ವರ್ಷಗಳು ಬರಲಿಲ್ಲ.

ಟೀ ಟೈಮಿನಲ್ಲಿ ಇದನ್ನೆಲ್ಲ ಹೇಳಿದರೆ ವಾದಕ್ಕೆ ನಿಲ್ಲುವ ಒಬ್ಬ ಮಿತ್ರ ಇದ್ದ. "ನಮ್ಮ ಬಜ್ಪೆ ಏರ್‌ಪೋರ್ಟ್ 2020ರಲ್ಲಿ ಖಾಸಗಿಗೆ ಹೋಗ್ಲಿಲ್ವಾ? ಸರ್ಕಾರದ ಜೈಲು ದೊಡ್ಡ ಸ್ವರ್ಗವಾ ಮಾರಾಯ?"

ಸ್ವರ್ಗವಲ್ಲ, ಒಪ್ಪುತ್ತೇನೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಲ್ಲಿ ಭಾರತದ ಜೈಲುಗಳ ಭರ್ತಿ ಶೇಕಡಾ 131, ಒಳಗಿರುವ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆಯಲ್ಲಿರುವವರು. ಕೊಡಿಯಾಲಬೈಲಿನ ಗೋಡೆಯ ಪಕ್ಕ ಓಡಾಡುವವರಿಗೆ ಇದು ಹೊಸದಲ್ಲ. ಅಮೆರಿಕದಲ್ಲೂ ಖಾಸಗಿ ಜೈಲಿನಲ್ಲಿರುವವರು ಒಟ್ಟು ಕೈದಿಗಳಲ್ಲಿ ಸುಮಾರು ಶೇಕಡಾ 8 ಮಾತ್ರ, ಉಳಿದ ಅನ್ಯಾಯವೆಲ್ಲ ಸರ್ಕಾರದ್ದೇ. ಆದರೆ ಬಜ್ಪೆಯ ಪ್ರಯಾಣಿಕ ಟಿಕೆಟ್ ತೆಗೆದ ಗಿರಾಕಿ. ಸರಿ ಕಾಣದಿದ್ದರೆ ದೂರುತ್ತಾನೆ, ಕಂಕನಾಡಿಗೆ ಹೋಗಿ ರೈಲು ಹತ್ತುತ್ತಾನೆ. ಜೈಲಿನಲ್ಲಿ ಗಿರಾಕಿ ಸರ್ಕಾರ, ಕೈದಿ ಅಲ್ಲ. ಅವನಿಗೆ ಬೇರೆ ಜೈಲಿಗೆ ಹೋಗುತ್ತೇನೆ ಅನ್ನುವ ಹಕ್ಕಿಲ್ಲ. ಸರ್ಕಾರದ ಜೈಲಿನಲ್ಲಿ ಕೈದಿ ಖರ್ಚು. ಅವನು ಬಿಡುಗಡೆಯಾದರೆ ಖಜಾನೆಗೆ ಹಗುರ. ಇಸ್ರೇಲಿನ ಸುಪ್ರೀಂ ಕೋರ್ಟು 2009ರಲ್ಲಿ ಇನ್ನೂ ಮುಂದೆ ಹೋಯಿತು. ಖಾಸಗಿ ಜೈಲು ಶುರುವಾಗುವ ಮೊದಲೇ ಆ ಕಾಯ್ದೆಯನ್ನು ತಳ್ಳಿಹಾಕಿತು. ಮನುಷ್ಯನ ಸ್ವಾತಂತ್ರ್ಯ ಕಸಿಯುವ ಅಧಿಕಾರವನ್ನು ಲಾಭಕ್ಕಾಗಿ ನಡೆಯುವ ಸಂಸ್ಥೆಗೆ ಕೊಡುವುದೇ ಮಾನವ ಘನತೆಗೆ ಧಕ್ಕೆ ಎಂಬುದು ಅದರ ತರ್ಕ. ನನಗೆ ಅದು ಸರಿ ಅನಿಸುತ್ತದೆ. ಮಿತ್ರನಿಗೆ ಇವತ್ತಿಗೂ ಅನಿಸಿಲ್ಲ.

ಕೆಲಸದ ಮಟ್ಟಿಗೆ ಬದಲಾದದ್ದು ಸಣ್ಣದು. ಬಣ್ಣ ತೆಗೆಸಲು ಕ್ಲಯಂಟ್ ಒಪ್ಪಲಿಲ್ಲ. ಖರ್ಚಿನ ಸಾಲಿನ ಕೆಳಗೆ ಇನ್ನೊಂದು ಸಾಲಿಗೆ ಒಪ್ಪಿದರು: ಸಿಬ್ಬಂದಿಯ ಎಷ್ಟು ಜಾಗ ಖಾಲಿ ಉಂಟು, ಆಧಾರ ಏನು. ಒಪ್ಪಿದ್ದು ಕರುಣೆಯಿಂದಲ್ಲ. ಕಾವಲು ಕಡಿಮೆಯಾದ ಜೈಲಿಗೆ ಇವತ್ತಲ್ಲ ನಾಳೆ ಕೇಸು ಬೀಳುತ್ತದೆ, ಕರಾರು ಹೋಗುತ್ತದೆ, ಅದು ಹೂಡಿಕೆದಾರನಿಗೂ ಬೇಕಾದ ಸುದ್ದಿ ಅಂತ ಟೀಮ್ ಲೀಡ್ ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದರು. 2019ರಲ್ಲಿ ಜೆಪಿ ಮಾರ್ಗನ್, ಬ್ಯಾಂಕ್ ಆಫ್ ಅಮೆರಿಕ ಮುಂತಾದವು ಈ ಉದ್ಯಮಕ್ಕೆ ಸಾಲ ನಿಲ್ಲಿಸುತ್ತೇವೆ ಅಂದಾಗ ಅವರ ಮಾತಿಗೆ ಸ್ವಲ್ಪ ತೂಕ ಬಂತು. 2021ರಲ್ಲಿ ಎರಡೂ ಕಂಪನಿ ರೀಟ್ ಸ್ಥಾನ ಬಿಟ್ಟವು, ನಮ್ಮ ಶೀಟಿನಿಂದ ಬೇರೆ ಟೀಮಿಗೆ ಹೋದವು.

ಆ ಸಾಲು ತುಂಬುವುದು ಸುಲಭವಲ್ಲ, ಇದೇ ಕೆಲಸದಲ್ಲಿರುವವರಿಗೆ ಹೇಳಿಬಿಡುತ್ತೇನೆ. ಕಂಪನಿಯ ಫೈಲಿಂಗಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ರಾಜ್ಯದ ಆಡಿಟರುಗಳ ವರದಿ ಓದಿ. ಟೆನೆಸ್ಸಿಯ ಟ್ರೌಸ್‌ಡೇಲ್ ಟರ್ನರ್ ಜೈಲು, ಇದನ್ನು ನಡೆಸುವುದೂ ನ್ಯಾಶ್‌ವಿಲ್ ಕಂಪನಿಯೇ, 2016ರಲ್ಲಿ ತೆರೆಯಿತು. ಅಲ್ಲಿ ಸಿಬ್ಬಂದಿ ಕೊರತೆ ಇದೆ, ಕೊಟ್ಟ ಲೆಕ್ಕವೂ ಸರಿಯಿಲ್ಲ ಅಂತ ಆ ರಾಜ್ಯದ ಕಂಟ್ರೋಲರ್ 2017ರಲ್ಲೇ ಬರೆದಿದ್ದರು. ನ್ಯಾಯ ಇಲಾಖೆ ತನಿಖೆ ಶುರುಮಾಡಿದ್ದು 2024ರಲ್ಲಿ. ನಡುವಿನ ಏಳು ವರ್ಷವೂ ಆ ವರದಿ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು.