ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಕೇಳೋ ಮೊದಲು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು ಅಂದರೆ ಬಳ್ಳಾರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮೊದಲು ಓಡಾಡೋದು ಜಿಲ್ಲೆಗಳ ಪಟ್ಟಿ. ಮೇಲೆ ಉಡುಪಿ, ದಕ್ಷಿಣ ಕನ್ನಡ. ಕೆಳಗಿನ ಅರ್ಧದಲ್ಲೆಲ್ಲೋ ನಾವು. ತೀರಾ ತಳದಲ್ಲಿ ಯಾದಗಿರಿ, ಇಲ್ಲವಾದರೆ ಕಲಬುರಗಿ. ಆಮೇಲೆ ಬೈಗುಳ ಶುರು. ಮೇಷ್ಟ್ರಿಗೆ ಒಂದಿಷ್ಟು, ಮೊಬೈಲಿಗೆ ಒಂದಿಷ್ಟು, ಸರ್ಕಾರಕ್ಕೆ ಒಂದಿಷ್ಟು. ವಾರ ಕಳೆಯುವಷ್ಟರಲ್ಲಿ ಎಲ್ಲ ತಣ್ಣಗಾಗುತ್ತದೆ. ನಾನು ಸಿರುಗುಪ್ಪ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಇದ್ದೇನೆ. ಹಾಗಾಗಿ ಈ ಅಂಕಿಗಳ ಜೊತೆ ಸ್ವಲ್ಪ ಜಾಸ್ತಿನೇ ಗುದ್ದಾಡಬೇಕಾಗುತ್ತದೆ. ಒಂದು ಮಾತಂತೂ ಖಾತ್ರಿ: ಆ ಪಟ್ಟಿಯನ್ನು ಸುಮ್ನೆ ಓದಿದರೆ ಏನೂ ಗೊತ್ತಾಗೋದಿಲ್ಲ, ಗೊತ್ತಾಯ್ತು ಅಂತ ಅನಿಸುತ್ತದೆ ಅಷ್ಟೇ.

ಮೊದಲು ರಾಜ್ಯದ ಲೆಕ್ಕ ನೋಡಿ. 2023ರಲ್ಲಿ ಪಾಸಾದವರು 83.89 ಪರ್ಸೆಂಟ್. 2024ರಲ್ಲಿ 73.40. 2025ರ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೂರು ಪರೀಕ್ಷೆಗಳಲ್ಲಿ ಮೊದಲನೇದರಲ್ಲಿ, 66.14. ಮೂರು ಅಂಕಿ ಒಂದರ ಕೆಳಗೊಂದು ಬರೆದರೆ ಯಾರಾದರೂ ಹೇಳೋದು ಒಂದೇ ಮಾತು, ಮಕ್ಕಳು ವರ್ಷದಿಂದ ವರ್ಷಕ್ಕೆ ಹಾಳಾಗುತ್ತಿದ್ದಾರೆ ಅಂತ. ಆದರೆ ಈ ಮೂರೂ ಬೇರೆ ಬೇರೆ ಆಟದ ಸ್ಕೋರು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯ್ತು. ಕಾಪಿಗೆ ಕಡಿವಾಣ ಬಿದ್ದ ಕೂಡಲೇ ರಿಸಲ್ಟ್ ಕುಸಿಯಿತು. ಅದನ್ನು ಎತ್ತಿ ನಿಲ್ಲಿಸೋಕೆ ಗ್ರೇಸ್ ಅಂಕವನ್ನು 10ರಿಂದ 20 ಪರ್ಸೆಂಟಿಗೆ ಏರಿಸಿದರು. ಗ್ರೇಸ್ ಸಿಗಬೇಕಾದರೆ ಬೇಕಿದ್ದ ಕನಿಷ್ಠ ಅಂಕವನ್ನು 35ರಿಂದ 25 ಪರ್ಸೆಂಟಿಗೆ ಇಳಿಸಿದರು. ಇದ್ಯಾವುದೂ ಇಲ್ಲದಿದ್ದರೆ ಆ ವರ್ಷದ ರಿಸಲ್ಟ್ ಸುಮಾರು 53ಕ್ಕೆ ನಿಲ್ಲುತ್ತಿತ್ತು. ಮುಂದಿನ ವರ್ಷ ಆ ಗ್ರೇಸ್ ತೆಗೆದುಹಾಕಿದರು, ಕ್ಯಾಮೆರಾ ಹಾಗೇ ಉಳಿಯಿತು.

ಇನ್ನೊಂದು ತಮಾಷೆ ಇದೆ. 2025ರ ಆ 66.14 ಇದೆಯಲ್ಲ, ಅದು ಶಾಲೆಯಿಂದ ಮೊದಲ ಸಲ ಪರೀಕ್ಷೆಗೆ ಕೂತ ಮಕ್ಕಳ ಲೆಕ್ಕ. ಹಿಂದೆ ಫೇಲಾಗಿ ಮತ್ತೆ ಬರೆದವರು, ಖಾಸಗಿಯಾಗಿ ಕಟ್ಟಿದವರು ಎಲ್ಲರನ್ನೂ ಸೇರಿಸಿದರೆ 62.34. ಹಿಂದಿನ ವರ್ಷದ 73.40 ಎಲ್ಲರನ್ನೂ ಸೇರಿಸಿದ್ದು. ಅಂದರೆ ಹೋಲಿಸಬೇಕಾದರೆ 73.40ಕ್ಕೆ 62.34 ಇಡಬೇಕು. ಗ್ರೇಸ್ ಬಿಟ್ಟು ನೋಡಬೇಕಾದರೆ 53ಕ್ಕೆ 62 ಇಡಬೇಕು. ಮೊದಲನೇ ಲೆಕ್ಕದಲ್ಲಿ ಹನ್ನೊಂದು ಇಳಿಯಿತು, ಎರಡನೇ ಲೆಕ್ಕದಲ್ಲಿ ಒಂಬತ್ತು ಏರಿತು. ಅದೇ ಮಕ್ಕಳು, ಅದೇ ಪೇಪರು! ನನ್ನನ್ನು ಕೇಳಿದರೆ ಎರಡನೇದೇ ಸರಿ, ಯಾಕಂದರೆ ಕ್ಯಾಮೆರಾ ಎರಡೂ ವರ್ಷ ಇತ್ತು. ತೇವಾಂಶ ನೋಡದೆ ಎರಡು ಲೋಡ್ ಭತ್ತದ ತೂಕ ಹೋಲಿಸಿದರೆ ನಮ್ಮ ಕಡೆ ಯಾರಾದರೂ ಒಪ್ಪುತ್ತಾರಾ?

2021ರದ್ದಂತೂ ಪಟ್ಟಿಯಿಂದ ಕಿತ್ತು ಹಾಕಿಬಿಡಿ. ಕೊರೋನಾ ವರ್ಷ, ಎರಡೇ ದಿನದ ಪರೀಕ್ಷೆ, ಓಎಂಆರ್ ಶೀಟಿನಲ್ಲಿ ಗುಂಡಿ ತುಂಬೋದು. ಹೆಚ್ಚುಕಮ್ಮಿ ಎಲ್ಲರೂ ಪಾಸು. ಇನ್ನು 2025-26ರಿಂದ ಪಾಸಿನ ಗೆರೆಯೇ ಕೆಳಗೆ ಬಂದಿದೆ, ಮೊದಲು 625ಕ್ಕೆ 219 ಬೇಕಿತ್ತು, ಈಗ 206 ಸಾಕು. ಗೆರೆ ಇಳಿಸಿದ ವರ್ಷ ರಿಸಲ್ಟ್ ಏರಿತು ಅಂತ ಯಾರಾದರೂ ಹಾರ ಹಾಕಿಸಿಕೊಂಡರೆ ಸುಮ್ನೆ ನಕ್ಕುಬಿಡಿ.

ಜಿಲ್ಲೆಗಳ ಸ್ಥಾನಕ್ಕೆ ಬರೋಣ. 2023ರಲ್ಲಿ ಚಿತ್ರದುರ್ಗ ಮೊದಲ ಸ್ಥಾನದಲ್ಲಿತ್ತು, 96.80 ಪರ್ಸೆಂಟ್. ಮರುವರ್ಷ ಕ್ಯಾಮೆರಾ ಬಂದ ಮೇಲೆ 21ನೇ ಸ್ಥಾನ. 2024ರಲ್ಲಿ ಮೊದಲು ಬಂದ ಉಡುಪಿ ಹಿಂದಿನ ವರ್ಷ ಮೊದಲ ಹತ್ತರೊಳಗೂ ಇರಲಿಲ್ಲ. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಮೇಷ್ಟ್ರುಗಳೆಲ್ಲ ಪಾಠ ಮರೆತರು, ಇನ್ನೊಂದು ಜಿಲ್ಲೆಯವರೆಲ್ಲ ಕಲಿತರು ಅಂತ ಆಗೋದಿಲ್ಲ ಅಲ್ವಾ? ಸ್ಥಾನ ಅನ್ನೋದು ಅಷ್ಟು ಸಡಿಲ. ನಡುವಿನ ಜಿಲ್ಲೆಗಳಲ್ಲಿ ಒಂದೆರಡು ಪರ್ಸೆಂಟ್ ಆಚೀಚೆ ಆದರೂ ನಾಲ್ಕೈದು ಸ್ಥಾನ ಜಿಗಿದುಬಿಡಬಹುದು. ಅದಕ್ಕೇ ಸ್ಥಾನ ಬಿಟ್ಟು ಪರ್ಸೆಂಟ್ ನೋಡಿ, ಪರ್ಸೆಂಟಿನ ಜೊತೆ ಎಷ್ಟು ಮಕ್ಕಳು ಕೂತರು ಅಂತ ನೋಡಿ.

ನಮ್ಮ ಬಳ್ಳಾರಿಯ ಕಥೆ ಇನ್ನೂ ಬೇರೆ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಆ ಕಡೆ ಹೋದವು. ಉಳಿದಿದ್ದು ಬಳ್ಳಾರಿ, ಸಿರುಗುಪ್ಪ, ಸಂಡೂರು, ಕುರುಗೋಡು, ಕಂಪ್ಲಿ. "ಹತ್ತು ವರ್ಷದ ಹಿಂದೆ ನಮ್ಮ ಜಿಲ್ಲೆ ಚೆನ್ನಾಗಿತ್ತು, ಈಗ ನೋಡ್ರಿ" ಅಂತ ಭಾಷಣ ಮಾಡೋರು ಯಾವ ಜಿಲ್ಲೆಯ ಬಗ್ಗೆ ಮಾತಾಡುತ್ತಿದ್ದಾರೆ? ಹೆಸರು ಒಂದೇ, ಒಳಗಿರೋ ಊರುಗಳು ಅರ್ಧಕ್ಕರ್ಧ ಬೇರೆ. ಹಳೇದರ ಜೊತೆ ಹೋಲಿಸಲೇಬೇಕು ಅಂದರೆ ತಾಲ್ಲೂಕುವಾರು ಪಟ್ಟಿ ತೆಗೆದು ಈಗಿನ ಐದನ್ನಷ್ಟೇ ಕೂಡಿಸಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಹಾಗಾದರೆ ಹೋಲಿಕೆಯೇ ಬೇಡವಾ? ಬೇಕು. ಒಂದೇ ವರ್ಷದೊಳಗೆ, ಒಂದೇ ಪೇಪರ್ ಬರೆದವರ ನಡುವೆ ಹೋಲಿಸಿ. ಆಗ ಗ್ರೇಸ್ ಇರಲಿ ಬಿಡಲಿ, ವಿಷಯ ಕಣ್ಣಿಗೆ ಹೊಡೆಯುತ್ತದೆ. 2024ರಲ್ಲಿ ಪಾಸಾದ ಹುಡುಗಿಯರು 81.11 ಪರ್ಸೆಂಟ್, ಹುಡುಗರು 65.90. 2025ರಲ್ಲಿ 74 ಮತ್ತು 58.07. ಲೆಕ್ಕಕ್ಕೆ ಹಿಡಿದ ಮಕ್ಕಳು ಎರಡೂ ವರ್ಷ ಪೂರ್ತಿ ಒಂದೇ ಥರದವರಲ್ಲ ಅನ್ನೋದು ನಿಜ, ಆದರೂ ನಿಯಮ ಇಷ್ಟೆಲ್ಲ ಬದಲಾದ ಮೇಲೂ ನಡುವಿನ ಅಂತರ ಮಾತ್ರ ಹದಿನೈದರ ಸುತ್ತಲೇ ಇದೆ. ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಕಿತ್ತಾಡೋರು ಈ ಹದಿನೈದರ ಬಗ್ಗೆ ಒಂದು ಮಾತೂ ಆಡೋದಿಲ್ಲ. ನಮ್ಮ ಕಡೆ ಮೆಣಸಿನಕಾಯಿ ಬಿಡಿಸೋ ಹೊತ್ತಿಗೆ, ಹತ್ತಿ ಬಿಡಿಸೋ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಶಾಲೆ ಹಿಂದೆ ಬೀಳುತ್ತದೆ. ಅದು ಹುಡುಗಿಯರಿಗೂ ಇದೆ. ಆದರೆ ಕೆಲಸ ಮುಗಿದ ಮೇಲೆ ಹುಡುಗಿ ತಿರುಗಿ ಕ್ಲಾಸಿಗೆ ಬರುತ್ತಾಳೆ, ಹುಡುಗ ಟ್ರ್ಯಾಕ್ಟರ್ ಹತ್ತಿರವೋ ರೈಸ್ ಮಿಲ್ ಹತ್ತಿರವೋ ಉಳಿದುಬಿಡುತ್ತಾನೆ. ಇದು ನಾನು ಕಣ್ಣಾರೆ ಕಂಡದ್ದು, ಅಂಕಿ ಅಂಶ ಅಲ್ಲ.

ಈಗ ಶಾಲೆಗಳು. ಮೇ ತಿಂಗಳಲ್ಲಿ ಬಸ್ ಸ್ಟ್ಯಾಂಡ್ ಪಕ್ಕ ಫ್ಲೆಕ್ಸ್ ಬೀಳುತ್ತವೆ, "ಶೇ. 100 ಫಲಿತಾಂಶ". ಪರಿಚಯದ ಒಬ್ಬ ಅಕ್ಕ ಬಂದು ಕೇಳಿದರು, "ಅಣ್ಣಾ, ಆ ಶಾಲಿ ಹಂಡ್ರೆಡ್ ಪರ್ಸೆಂಟ್ ಐತಂತ, ಮಗನ್ನ ಅಲ್ಲೇ ಹಾಕ್ಲೇನ್ರಿ?" ನಾನು ಕೇಳಿದ್ದು ಇಷ್ಟೇ: ಎಷ್ಟು ಮಕ್ಕಳು ಬರೆದರು, ಎಂಟನೇ ಕ್ಲಾಸಿನಲ್ಲಿ ಎಷ್ಟಿದ್ದರು? ಒಂದು ಶಾಲೆಯಲ್ಲಿ 20 ಮಕ್ಕಳಿದ್ದರೆ ಒಬ್ಬ ಫೇಲಾದರೂ ಐದು ಪರ್ಸೆಂಟ್ ಹೋಯಿತು. 200 ಮಕ್ಕಳಿದ್ದರೆ ಅರ್ಧ ಪರ್ಸೆಂಟ್. ಚಿಕ್ಕ ಶಾಲೆ ಒಂದು ವರ್ಷ ನೂರು, ಮರುವರ್ಷ ಎಂಬತ್ತೈದು ಆಗೋದು ದೊಡ್ಡ ವಿಷಯವೇ ಅಲ್ಲ. ಮೂರು ವರ್ಷದ್ದು ಒಟ್ಟಿಗೆ ಕೂಡಿಸಿ ನೋಡಬೇಕು. ಇನ್ನು ಒಂಬತ್ತನೇ ಕ್ಲಾಸಿನಲ್ಲೇ ಹಿಂದುಳಿದವರ ಕೈಗೆ ಟಿಸಿ ಕೊಟ್ಟು ಸಾಗಹಾಕಿದರೆ ನೂರು ಬರೋದು ಕಷ್ಟವೇನಲ್ಲ. ಆ ಮಕ್ಕಳು ಬರೋದು ಎಲ್ಲಿಗೆ? ಪಕ್ಕದ ಸರ್ಕಾರಿ ಶಾಲೆಗೆ. ಆಮೇಲೆ ಅದೇ ಸರ್ಕಾರಿ ಶಾಲೆಯ ಪರ್ಸೆಂಟ್ ಹಿಡಿದು ಬೈಯೋದು.

ಒಟ್ಟು ಅಂಕದಲ್ಲೂ ಒಂದು ಸೂಕ್ಷ್ಮ ಇದೆ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಪ್ರಥಮ ಭಾಷೆ ಸಂಸ್ಕೃತ ತಗೊಂಡು 125ಕ್ಕೆ 125 ಹೊಡೆದ ಹುಡುಗನನ್ನೂ, ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆ ಬರೆದ ಹುಡುಗಿಯನ್ನೂ 625ರ ಒಂದೇ ಅಂಕಿಯಲ್ಲಿ ತೂಗೋದು ನನಗೆ ಸರಿ ಕಾಣೋದಿಲ್ಲ. ಬರೀ ಗಣಿತ, ವಿಜ್ಞಾನ ಪಕ್ಕಪಕ್ಕ ಇಟ್ಟು ನೋಡಿದರೆ ಚಿತ್ರ ಬೇರೆಯೇ ಇರುತ್ತದೆ.

ನಮ್ಮ ಎಚ್‌ಎಂ ಒಂದು ಸಲ ವಿಷಯವಾರು ಹಾಳೆ ಮುಂದಿಟ್ಟರು. ಗಣಿತದ ಕಾಲಮ್ಮಿನಲ್ಲಿ ಮೇಲಿಂದ ಬೆರಳಿಟ್ಟುಕೊಂಡು ಬಂದರೆ 35, 36, 35, 38, 35, 82, 36. ಎಲ್ಲ ಪಾಸು. ಶಾಲೆಯ ರಿಸಲ್ಟ್ ಚೆನ್ನಾಗಿಯೇ ಇತ್ತು. ಆದರೆ ಅಷ್ಟೂ ಮಕ್ಕಳು ಗೆರೆಯ ಮೇಲೆ ನಿಂತಿದ್ದಾರೆ, ಇದೇ ಪಾಸಿಂಗ್ ಪ್ಯಾಕೇಜಿನ ಫಲ. ಬರೋ ಪ್ರಶ್ನೆ ಇಷ್ಟು, ಇಷ್ಟು ಬರೆದರೆ ದಾಟುತ್ತೀಯ ಅಂತ ಕಲಿಸೋದು. ಅದನ್ನು ನಾನು ಹಳಿಯೋದಿಲ್ಲ. ಫೆಬ್ರವರಿಯಲ್ಲಿ ಭಾಗಾಕಾರ ಬರದ ಹುಡುಗನ ಮುಂದೆ ಕೂತ ಮೇಷ್ಟ್ರು ಇನ್ನೇನು ಮಾಡಬೇಕು? ಆದರೆ ಪಿಯು ಸೈನ್ಸ್‌ಗೆ ಆ 36 ಹೊತ್ತುಕೊಂಡು ಹೋದರೆ ಏನಾಗುತ್ತದೆ ಅಂತ ಆ ಹಾಳೆಯೇ ಹೇಳುತ್ತದೆ, ಶಾಲೆಯ ಪರ್ಸೆಂಟ್ ಹೇಳೋದಿಲ್ಲ. ಹಾಗಾಗಿ ನಿಮ್ಮ ಶಾಲೆಯಲ್ಲಿ ಕೇಳಬೇಕಾದ ಹಾಳೆ ಅದು: ಒಂದೊಂದು ವಿಷಯದಲ್ಲಿ 40ರ ಒಳಗೆ ಎಷ್ಟು ಮಕ್ಕಳು, 60ರ ಮೇಲೆ ಎಷ್ಟು ಮಕ್ಕಳು.

ಕೊನೆಗೆ ಇನ್ನೊಂದು. 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಇತ್ತು, ಮೂರರಲ್ಲಿ ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕ ಉಳಿಯುತ್ತಿತ್ತು. ಆದರೆ ಗುಂಪುಗಳಲ್ಲಿ ಓಡಾಡೋ ಪಟ್ಟಿ ಪರೀಕ್ಷೆ-1ಕ್ಕೇ ನಿಂತುಬಿಡುತ್ತದೆ. ಎರಡು, ಮೂರರಲ್ಲಿ ಎಷ್ಟು ಮಕ್ಕಳು ದಾಟಿದರು, ಎಷ್ಟು ಮಕ್ಕಳು ಅರ್ಜಿಯನ್ನೇ ಹಾಕದೆ ಕೆಲಸಕ್ಕೆ ಹೋದರು ಅನ್ನೋದು ಯಾರ ಸ್ಟೇಟಸ್ಸಿನಲ್ಲೂ ಬರೋದಿಲ್ಲ. ಸಿರುಗುಪ್ಪ ತಾಲ್ಲೂಕಿನ ಪರೀಕ್ಷೆ-3ರ ನಂತರದ ವಿಷಯವಾರು ಪಟ್ಟಿ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಎಕ್ಸೆಲ್‌ನಲ್ಲಿ ಹಾಕೋ ಕೆಲಸ ನನಗಿರಲಿ.