ಥಂಡರ್‌ಬರ್ಡ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿದ ಮೇಲ್ ಹೋಗುತ್ತಿಲ್ಲವೇ? ಮೊದಲು ಅವರ ಬೀಗ ನೋಡಿ

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ, ಬೇರೆಯವರು ಓದದಂತೆ ಮೇಲ್‌ಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ಒಂದು ವಿಧಾನ ಓಪನ್‌ಪಿಜಿಪಿ. ಅದರ ಅರ್ಧ ಗೊಂದಲಕ್ಕೆ 'ಪಬ್ಲಿಕ್ ಕೀ' ಎಂಬ ಹೆಸರೇ ಕಾರಣ. ಅದು ನಿಜಕ್ಕೂ ಕೀ ಅಲ್ಲ, ಎಲ್ಲರಿಗೂ ಹಂಚುವ ಬೀಗ. ಬೀಗದ ಕೈ ಅಂದರೆ ಸೀಕ್ರೆಟ್ ಕೀ, ಅದು ಒಡೆಯನ ಹತ್ತಿರ ಮಾತ್ರ. ಆದ್ದರಿಂದ ಮೇಲ್ ಕಳಿಸುವಾಗ ತಡೆ ಬಂದರೆ ಬಹುಪಾಲು ತೊಂದರೆ ಮೇಲ್ ಪಡೆಯುವವರ ಬೀಗದ್ದು. ಬಂದ ಮೇಲ್ ತೆರೆಯದಿದ್ದರೆ ನಿಮ್ಮ ಬೀಗದ ಕೈಯದು.

ಒಂದು ಅಪವಾದ ಇದೆ. ನಿಮ್ಮ ಖಾತೆಗೆ ನಿಮ್ಮದೇ ಕೀ ಜೋಡಿಸದಿದ್ದರೆ ಥಂಡರ್‌ಬರ್ಡ್ ಎನ್‌ಕ್ರಿಪ್ಟ್ ಮಾಡುವುದೇ ಇಲ್ಲ. ಅಕೌಂಟ್ ಸೆಟ್ಟಿಂಗ್ಸ್‌ನ 'ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್' ಪುಟದಲ್ಲಿ 'ನನ್' (None, ಅಂದರೆ ಯಾವ ಕೀಯೂ ಇಲ್ಲ) ಎಂದಿದೆಯೇ ನೋಡಿ. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್ ತನ್ನದೇ ಕೀ ಗೊಂಚಲು ಇಟ್ಟುಕೊಂಡಿದೆ. ಜಿಪಿಜಿಯಲ್ಲಿ (ಓಪನ್‌ಪಿಜಿಪಿ ಕೀಗಳನ್ನು ನಿಭಾಯಿಸುವ ಬೇರೆ ತಂತ್ರಾಂಶ) ಕೀ ಇದ್ದರೂ ಇಲ್ಲಿ ಕಾಣುವುದಿಲ್ಲ. ಅಲ್ಲಿಂದ ಎಕ್ಸ್‌ಪೋರ್ಟ್ ಮಾಡಿ ಇಲ್ಲಿ ಇಂಪೋರ್ಟ್ ಮಾಡಬೇಕು.

ಅದು ಸರಿಯಿದ್ದರೆ ಓಪನ್‌ಪಿಜಿಪಿ ಕೀ ಮ್ಯಾನೇಜರ್ ತೆರೆದು ಅವರ ವಿಳಾಸ ಹುಡುಕಿ. ಕೀ ಇದೆ, ಆದರೂ ಮೇಲ್ ಹೋಗುತ್ತಿಲ್ಲ ಎಂದರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ 'ಅಕ್ಸೆಪ್ಟೆನ್ಸ್' ಭಾಗಕ್ಕೆ ಹೋಗಿ. ಹೊಸಬರು ಎಡವುವುದು ಇಲ್ಲೇ. ಇಂಪೋರ್ಟ್ ಮಾಡಿದ ಮಾತ್ರಕ್ಕೆ ಒಪ್ಪಿದಂತಲ್ಲ. 'ಇನ್ನೂ ಇಲ್ಲ, ಮುಂದೆ ನೋಡೋಣ' ಎಂಬ ಆಯ್ಕೆಯಲ್ಲಿ ನಿಂತಿದ್ದರೆ ಥಂಡರ್‌ಬರ್ಡ್ ಆ ಬೀಗವನ್ನು ಮುಟ್ಟುವುದಿಲ್ಲ. ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಉದ್ದ ಸಂಕೇತ) ಹೋಲಿಸಿ ನೋಡಿದ್ದರೆ ಮಾತ್ರ 'ಪರಿಶೀಲಿಸಿದ್ದೇನೆ' ಆರಿಸಿ. ಇಲ್ಲದಿದ್ದರೆ 'ಹೌದು, ಆದರೆ ಪರಿಶೀಲಿಸಿಲ್ಲ' ಸಾಕು. ಹೋಲಿಕೆ ಎಂದರೆ ಫೋನಿನಲ್ಲೋ ಎದುರಿಗೆ ಕೂತೋ 40 ಅಕ್ಷರಗಳನ್ನೂ ಓದಿಸುವುದು. ಕೊನೆಯ 8 ನೋಡಿ ಬಿಡಬೇಡಿ, ಅಷ್ಟು ಗಿಡ್ಡ ಐಡಿಗೆ ಹೊಂದುವ ನಕಲಿ ಕೀ ಮಾಡುವುದು ಸುಲಭ. ಅದೇ ಮೇಲ್‌ನಲ್ಲಿ ಬಂದ ಫಿಂಗರ್‌ಪ್ರಿಂಟ್‌ಗೆ ಹೋಲಿಸಿದರೆ ಕಳ್ಳನನ್ನೇ ಸಾಕ್ಷಿ ಕೇಳಿದ ಹಾಗೆ.

ಎರಡನೆಯದು ವಿಳಾಸ. ಕೀಯೊಳಗೆ ಬರೆದಿರುವ ಇಮೇಲ್‌ಗೂ 'ಟು'ದಲ್ಲಿ ನೀವು ಹಾಕಿದ್ದಕ್ಕೂ ತಾಳೆಯಾಗಬೇಕು. ಹೆಸರಿನ ನಡುವಿನ ಚುಕ್ಕಿ ಜಿಮೇಲ್‌ಗೆ ಲೆಕ್ಕಕ್ಕಿಲ್ಲ, ಕೀ ಹುಡುಕುವಾಗ ಲೆಕ್ಕಕ್ಕಿದೆ. ಸಿಸಿಯಲ್ಲಿರುವ ಒಬ್ಬರ ಕೀ ಇಲ್ಲದಿದ್ದರೂ ಇಡೀ ಮೇಲ್ ನಿಲ್ಲುತ್ತದೆ.

ಮೂರನೆಯದು ಅವಧಿ. ಮುಗಿದ ಬೀಗವನ್ನು ನೀವು ರಿಪೇರಿ ಮಾಡಲಾರಿರಿ, ಸೀಕ್ರೆಟ್ ಕೀ ಇರುವವರೇ ಅವಧಿ ಮುಂದೂಡಿ ಮತ್ತೆ ಕಳಿಸಬೇಕು. ಫಿಂಗರ್‌ಪ್ರಿಂಟ್ ಬದಲಾಗುವುದಿಲ್ಲ. ಜಿಪಿಜಿ ಬಳಸುವವರು ಸಾಮಾನ್ಯವಾಗಿ ಮುಖ್ಯ ಕೀಯ ದಿನಾಂಕ ಮಾತ್ರ ಬದಲಿಸಿ ಸಬ್‌ಕೀ (ಮುಖ್ಯ ಕೀಯ ಕೆಳಗಿನ ಉಪ ಕೀ) ಮರೆಯುತ್ತಾರೆ. ಎನ್‌ಕ್ರಿಪ್ಟ್ ಮಾಡುವುದು ಸಬ್‌ಕೀಯೇ! ಪಟ್ಟಿಯಲ್ಲಿ ಮುಖ್ಯ ಕೀ ಚೆನ್ನಾಗಿದ್ದೂ ಮೇಲ್ ಹೋಗದಿದ್ದರೆ ಸಬ್‌ಕೀಯ ದಿನಾಂಕ ನೋಡಲು ಅವರಿಗೆ ಹೇಳಿ.

ಕೀ ಸರ್ವರ್‌ಗೆ (ಪಬ್ಲಿಕ್ ಕೀ ಹುಡುಕಿ ಪಡೆಯುವ ತಾಣ) ಹಾಕಿದ್ದೇನೆ ಎನ್ನುತ್ತಾರೆ, ನಿಮಗೆ ಸಿಗುವುದಿಲ್ಲ. ಅಂಥ ಒಂದು ಸರ್ವರ್ ಆದ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್, ಕೀ ಹಾಕಿದವರಿಗೆ ಒಂದು ಖಚಿತಪಡಿಸುವ ಮೇಲ್ ಕಳಿಸುತ್ತದೆ. ಅದರಲ್ಲಿನ ಲಿಂಕ್ ಒತ್ತುವವರೆಗೆ ಇಮೇಲ್ ವಿಳಾಸದಿಂದ ಹುಡುಕಿದರೆ ಕೀ ಸಿಗದು. ಅದಕ್ಕಿಂತ ನೇರ ದಾರಿ, ಪಬ್ಲಿಕ್ ಕೀ ಇರುವ ಎಎಸ್‌ಸಿ (.asc) ಫೈಲನ್ನು ಅಟ್ಯಾಚ್ ಮಾಡಿ ಕಳಿಸುವುದು. ಮೇಲ್ ಒಳಗೆ ಅಂಟಿಸಿದರೆ ಸಾಲುಗಳು ಮುರಿದು ಇಂಪೋರ್ಟ್ ಕೈಕೊಡಬಹುದು. ಕಳಿಸುವ ಮುನ್ನ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲು ಓದಿ: 'ಪಬ್ಲಿಕ್' ಇರಬೇಕು. 'ಪ್ರೈವೇಟ್' ಇರುವ ಫೈಲ್ ಈಗಾಗಲೇ ಹೋಗಿದ್ದರೆ ಆ ಕೀಯನ್ನು ರಿವೋಕ್ (ರದ್ದು) ಮಾಡಿ ಹೊಸದು ಮಾಡಿ.

'ಸರ್ಟಿಫಿಕೇಟ್ ಇಲ್ಲ' ಎಂಬ ದೂರು ಬಂದರೆ ಕೀ ಹುಡುಕುತ್ತಾ ಕೂರಬೇಡಿ. ಬರೆಯುವ ಕಿಟಕಿಯಲ್ಲಿ ಓಪನ್‌ಪಿಜಿಪಿ ಬದಲು ಎಸ್‌ಮೈಮ್ (ಸರ್ಟಿಫಿಕೇಟ್ ಬಳಸುವ ಇನ್ನೊಂದು ಎನ್‌ಕ್ರಿಪ್ಷನ್ ವಿಧಾನ) ಆಯ್ಕೆಯಾಗಿರುತ್ತದೆ, ಅಷ್ಟೇ.

ಇನ್ನು ಬಂದ ಮೇಲ್ ತೆರೆದಾಗ 'ಸೀಕ್ರೆಟ್ ಕೀ ಇಲ್ಲ' ಎಂದರೆ, ಬಹುಪಾಲು ಕಳಿಸಿದವರು ನಿಮ್ಮ ಹಳೆಯ ಬೀಗ ಹಾಕಿರುತ್ತಾರೆ. ಹಳೆಯ ಸೀಕ್ರೆಟ್ ಕೀಯ ಬ್ಯಾಕಪ್ ಇದ್ದರೆ ಇಂಪೋರ್ಟ್ ಮಾಡಿ. ಅವಧಿ ಮುಗಿದಿದ್ದರೂ ತೆರೆಯಲು ಅಡ್ಡಿಯಿಲ್ಲ. ಬ್ಯಾಕಪ್ ಇಲ್ಲದಿದ್ದರೆ ಆ ಮೇಲ್ ಹೋದಂತೆಯೇ. ಹೊಸ ಪಬ್ಲಿಕ್ ಕೀ ಕಳಿಸಿ, ಇನ್ನೊಮ್ಮೆ ಬರೆಯಲು ಕೇಳಿಕೊಳ್ಳಿ.